ಕಾಮನ್ ಮೀಟರ್‌ಗೆ ಸೋಲಾರ್ ಸಬ್ಸಿಡಿ: ಮೊದಲು ಬಿಲ್ ಮೇಲಿನ ಹೆಸರು ನೋಡಿ

ಅಪಾರ್ಟ್‌ಮೆಂಟ್ ಸಂಘದವರು ಗಮನಿಸಿ: ಚಾವಣಿ ಮೇಲಿನ ಸೋಲಾರ್‌ಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಪಿಎಂ ಸೂರ್ಯ ಘರ್ ಯೋಜನೆಗೆ ಅರ್ಜಿ ಹಾಕುವ ಮೊದಲು ಲಿಫ್ಟ್, ಪಂಪ್, ಕಾರಿಡಾರ್ ದೀಪದ ಮೀಟರ್ ಯಾರ ಹೆಸರಲ್ಲಿದೆ ನೋಡಿ. ಇನ್ನೂ ಬಿಲ್ಡರ್ ಹೆಸರಲ್ಲೇ ಇದ್ದರೆ ಬೆಸ್ಕಾಂನಲ್ಲಿ ಸಂಘದ ಹೆಸರಿಗೆ ಬದಲಿಸಿಕೊಳ್ಳಿ. ಅರ್ಜಿ ನಡೆಯುವುದು ಬಿಲ್‌ನಲ್ಲಿರುವ ಗ್ರಾಹಕರ ಸಂಖ್ಯೆ, ಹೆಸರಿನ ಮೇಲೆಯೇ. ಸಬ್ಸಿಡಿ ಬರುವುದು ಬ್ಯಾಂಕ್ ಖಾತೆಗೆ. ಬಿಲ್ ಮತ್ತು ಖಾತೆಯ ಹೆಸರು ಹೊಂದದಿದ್ದರೆ ಹಣ ಸುಮ್ನೆ ಸಿಕ್ಕಿಹಾಕಿಕೊಳ್ಳುತ್ತದೆ. ಎಷ್ಟೋ ಸಂಘಗಳು ಒಂಟಿ ಮನೆಯವರಿಗೆ ಮಾತ್ರ ಈ ಸಬ್ಸಿಡಿ ಅಂದುಕೊಂಡು ಬಿಟ್ಟುಬಿಡುತ್ತವೆ, ಅದು ನಿಜಕ್ಕೂ ಬೇಸರದ ವಿಷಯ. ಒಂಟಿ ಮನೆಗೆ ಗರಿಷ್ಠ 78,000 ರೂಪಾಯಿ ಸಿಕ್ಕರೆ, ವಸತಿ ಸಂಘದ ಕಾಮನ್ ಬಳಕೆಗೆ ಪ್ರತಿ ಕಿಲೋವ್ಯಾಟ್‌ಗೆ 18,000 ರೂಪಾಯಿ ಇದೆ. ಒಂದು ಮನೆಗೆ 3 ಕಿಲೋವ್ಯಾಟ್ ಲೆಕ್ಕದಲ್ಲಿ ಒಟ್ಟು 500 ಕಿಲೋವ್ಯಾಟ್‌ವರೆಗೆ! ಫ್ಲ್ಯಾಟ್‌ಗಳ ಬಿಲ್ ಗೃಹಜ್ಯೋತಿಯಲ್ಲಿ ಇಳಿದಿದ್ದರೂ ಕಾಮನ್ ಬಿಲ್ ಹೋಗುವುದು ನಮ್ಮ ಮೆಂಟೆನೆನ್ಸ್ ಹಣದಿಂದಲೇ ಅಲ್ವಾ? ಸಂಪ್‌ನಿಂದ ಟ್ಯಾಂಕ್‌ಗೆ ನೀರೆತ್ತುವ ಪಂಪನ್ನು ಬೆಳಗ್ಗೆ 6ರ ಬದಲು 11ರ ಮೇಲೆ ಓಡಿಸಿದರೆ ಬಿಸಿಲಿನ ಕರೆಂಟ್ ನೇರವಾಗಿ ಅಲ್ಲೇ ಖರ್ಚಾಗುತ್ತದೆ. ಎಲ್ಲ ಕಟ್ಟಡಕ್ಕೂ ಈ ಯೋಜನೆ ಹೊಂದುವುದಿಲ್ಲ. ಕೆಳಗೆ ಅಂಗಡಿಗಳಿದ್ದು ಮೀಟರ್ ವಾಣಿಜ್ಯ ದರದಲ್ಲಿದ್ದರೆ ಸಬ್ಸಿಡಿ ಇಲ್ಲ. ಪ್ಯಾನೆಲ್‌ಗಳು ಭಾರತದಲ್ಲೇ ತಯಾರಾಗಿರಬೇಕು, ಹಾಕುವವರು ನೋಂದಾಯಿತ ವೆಂಡರ್ ಆಗಿರಬೇಕು. ಓವರ್‌ಹೆಡ್ ಟ್ಯಾಂಕ್ ಅಥವಾ ಪಕ್ಕದ ಕಟ್ಟಡದ ನೆರಳು ಟೆರೇಸ್ ಮೇಲೆ ಜಾಸ್ತಿ ಹೊತ್ತು ಬೀಳುತ್ತಿದ್ದರೆ ಕೈಹಾಕಬೇಡಿ. ಸಬ್ಸಿಡಿ ಬರುವುದು ಕೆಲಸ ಮುಗಿದು ಚಾಲೂ ಆದ ಮೇಲೆ, ಹಾಗಾಗಿ ಪೂರ್ತಿ ಮೊತ್ತವನ್ನು ಸಂಘ ಮೊದಲೇ ಹೊಂದಿಸಿಕೊಂಡಿರಬೇಕು.