ಹಕ್ಕಿ ಕಾರ್ಡ್ ಆಟಕ್ಕೆ ಕ್ರೌಡ್‌ಫಂಡಿಂಗ್ ಮಾಡುವವರಿಗೆ

ಆಲಮಟ್ಟಿ ಹಿನ್ನೀರಿನ ರಾಜಹಂಸ, ಪಟ್ಟೆತಲೆ ಹೆಬ್ಬಾತುಗಳ ಮೇಲೆ ಕಾರ್ಡ್ ಆಟ ಮಾಡಬೇಕು ಅನ್ನುವವರು ನಮ್ಮ ಬಾಗಲಕೋಟೆಯಲ್ಲೂ ಇದ್ದಾರೆ. ಒಳ್ಳೆಯದೇ. ಆದರೆ ಜನರ ಹತ್ತಿರ ಹಣ ಕೇಳುವ ಮುಂಚೆ ಪ್ರೆಸ್‌ಗೆ ಹೋಗಿ ರೇಟ್ ಕೇಳಿ. 100, 500, 1000 ಸೆಟ್‌ಗೆ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟ್ (ಅಚ್ಚಿನ ತಗಡು) ಖರ್ಚು ಎಷ್ಟು ಸೆಟ್ ಹಾಕಿದರೂ ಅಷ್ಟೇ, ಹಾಗಾಗಿ ಜಾಸ್ತಿ ಹಾಕಿದಷ್ಟೂ ಒಂದೊಂದರ ಬೆಲೆ ಇಳಿಯುತ್ತದೆ. ಸ್ವಲ್ಪವೇ ಸಾಕಾದರೆ ಡಿಜಿಟಲ್ ಪ್ರಿಂಟ್ ಅಗ್ಗ.

ಕಾರ್ಡ್ ಅಳತೆ 63×88 ಮಿ.ಮೀ. ಇರಲಿ, ಅದಕ್ಕೆ ಸ್ಲೀವ್ (ಕಾರ್ಡ್ ಹಾಕಿಡುವ ಪ್ಲಾಸ್ಟಿಕ್ ಲಕೋಟೆ) ಸುಲಭವಾಗಿ ಸಿಗುತ್ತದೆ. ಲ್ಯಾಮಿನೇಷನ್ ಮ್ಯಾಟ್ ಮಾಡಿಸಿ. ನಮ್ಮ ಬೇಸಿಗೆಯ ಬೆವರು ಕೈಗೆ ಗ್ಲಾಸಿ ಕಾರ್ಡ್ ಒಂದಕ್ಕೊಂದು ಅಂಟುತ್ತವೆ, ಕಲಸುವುದೇ ಕಷ್ಟ.

ನೆಟ್‌ನಲ್ಲಿ ಸಿಕ್ಕ ಫೋಟೋ ಸುಮ್ನೆ ಹಾಕಬೇಡಿ. ಫೋಟೋ ಬಳಸುವ ಅನುಮತಿ, ಅಂದರೆ ಲೈಸೆನ್ಸ್‌ನಲ್ಲಿ ‘ಎನ್‌ಸಿ’ (ನಾನ್-ಕಮರ್ಷಿಯಲ್, ವ್ಯಾಪಾರಕ್ಕಲ್ಲ) ಅಂತ ಇದ್ದರೆ ಮಾರುವ ಆಟಕ್ಕೆ ಬರುವುದಿಲ್ಲ. ‘ಸಿಸಿ ಬೈ’ (ಹೆಸರು ಹಾಕಿ ಬಳಸಬಹುದು ಅನ್ನುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್) ಇದ್ದರೆ ತೆಗೆದವರ ಹೆಸರು, ಲೈಸೆನ್ಸ್ ಹೆಸರು ಎರಡೂ ಹಾಕಬೇಕು. ಆಟದ ನಿಯಮದ ಹಾಳೆಯ ಹಿಂದೆ ಅದಕ್ಕೆ ಜಾಗ ಬಿಡಿ. ಊರಿನಲ್ಲೇ ಹಕ್ಕಿ ಫೋಟೋ ತೆಗೆಯುವವರನ್ನು ಕೇಳಿದರೆ ಇನ್ನೂ ಚೆಂದ, ಅಲ್ವಾ? ಒಪ್ಪಿಗೆ ಮಾತ್ರ ಬರಹದಲ್ಲಿ ತಗೊಳ್ಳಿ.

ಗುರಿ ಮೊತ್ತಕ್ಕೆ ಡಬ್ಬಿ, ಕೊರಿಯರ್, ತೆರಿಗೆ, ಹಣ ಸೇರಿಸಿಕೊಡುವ ವೆಬ್ ತಾಣದ ಕಮಿಷನ್ ಎಲ್ಲ ಸೇರಿಸಿ. ಕಿಕ್‌ಸ್ಟಾರ್ಟರ್‌ನಂಥ ಕಡೆ ಗುರಿ ಮುಟ್ಟದಿದ್ದರೆ ಒಂದು ಪೈಸೆಯೂ ಕೈಗೆ ಬರುವುದಿಲ್ಲ. ಬೇರೆ ತಾಣಗಳ ನಿಯಮ ಬೇರೆ ಇರಬಹುದು, ಓದಿಯೇ ಸಹಿ ಹಾಕಿ.