ಹೊರಗೆ ಹೋಗುವ ಇಮೇಲನ್ನೂ ಸೋಸಬೇಕಾ? ನಮ್ಮಲ್ಲಿ ಆದದ್ದು

ಬದಿಯಡ್ಕದ ಹತ್ರ ಒಂದು ಅಡಿಕೆ ವ್ಯಾಪಾರದ ಆಫೀಸಿನ ಮೇಲ್ ಸರ್ವರ್ ನಾನು ನೋಡಿಕೊಳ್ಳೋದು, 30 ಅಕೌಂಟ್ ಅಷ್ಟೇ, ಪೋಸ್ಟ್‌ಫಿಕ್ಸ್ ಅನ್ನೋ ಮೇಲ್ ಸಾಫ್ಟ್‌ವೇರ್. ಒಳಗೆ ಬರುವ ಮೇಲಿಗೆ ಸ್ಪ್ಯಾಮ್ (ಬೇಡದ ಕಸದ ಮೇಲು) ತಡೆಯುವ ಫಿಲ್ಟರ್ ಇತ್ತು, ಹೋಗುವುದಕ್ಕೆ ಎಂತದ್ದೂ ಇಲ್ಲ. ನಮ್ಮವರೇ ಕಳಿಸೋದಲ್ವಾ ಅಂತ.

ಹೋದ ಮಳೆಗಾಲದಲ್ಲಿ ಒಂದಿನ ಬೆಳಿಗ್ಗೆ ಫೋನು, "ಮಾರಾಯ್ರೆ, ಮಂಗಳೂರಿಗೆ ಕಳಿಸಿದ ರೇಟು ಪಟ್ಟಿ ಎಲ್ಲ ವಾಪಸ್ ಬರ್ತಾ ಉಂಟು." ಇಲ್ಲಿ ಕರೆಂಟಿಲ್ಲ, ಮೊಬೈಲ್ ನೆಟ್ಟಲ್ಲೇ ಸರ್ವರಿಗೆ ಹೋಗಿ ಕ್ಯೂ (ಹೋಗಲಿಕ್ಕೆ ಕಾಯುವ ಮೇಲುಗಳ ಸಾಲು) ನೋಡಿದ್ರೆ 11 ಸಾವಿರ ಮೇಲು ಕೂತಿದೆ, ಹೋದದ್ದೆಷ್ಟೋ. ಲೆಕ್ಕ ಬರೆಯುವವರ ಪಾಸ್‌ವರ್ಡ್ ಯಾರ ಕೈಗೋ ಸಿಕ್ಕಿ, ಅವ ರಾತ್ರಿಯಿಡೀ ನಮ್ಮವರು ಮೇಲ್ ಕಳಿಸುವ 587ನೇ ಪೋರ್ಟಲ್ಲಿ ಮರ್ಯಾದೆಯಲ್ಲಿ ಲಾಗಿನ್ ಆಗಿಯೇ ಸ್ಪ್ಯಾಮ್ ಕಳಿಸಿದ್ದು. ಮೇಲು ನಿಜವಾಗಿ ಆ ಡೊಮೈನಿಂದಲೇ ಬಂತಾ ಅಂತ ನೋಡುವ ಎಸ್‌ಪಿಎಫ್, ಡಿಕಿಮ್ ಎಲ್ಲ ಪಾಸ್! ನಮ್ಮ ಸರ್ವರೇ ಸಹಿ ಹಾಕಿ ಕೊಟ್ಟದ್ದಲ್ವಾ. ಪಾಸ್‌ವರ್ಡ್ ಬದಲಿಸಿ ಕ್ಯೂ ಖಾಲಿ ಮಾಡಿದೆ, ಆದ್ರೆ ಸ್ಪ್ಯಾಮ್ ಕಳಿಸುವವರ ಬ್ಲಾಕ್‌ಲಿಸ್ಟಿಂದ ನಮ್ಮ ಸರ್ವರಿನ ಐಪಿ ವಿಳಾಸ ಬಿಡಿಸಿ, ಎಲ್ಲರೂ ನಮ್ಮ ಮೇಲು ತಗೊಳ್ಳುವಾಗ ಆರು ದಿನ.

ಆ ಗಾಬರಿಯಲ್ಲಿ ಒಂದು ಪೆದ್ದ ಕೆಲಸ ಮಾಡಿದೆ, ಒಳಬರುವ ಮೇಲಿನ ಫಿಲ್ಟರ್ ಸ್ಪ್ಯಾಮ್‌ಅಸ್ಯಾಸಿನ್ನಿನ ರೂಲುಗಳನ್ನೇ ಹೊರಗೂ ಹಾಕಿದೆ, ಅನುಮಾನದ ಸ್ಕೋರ್ 5 ದಾಟಿದ್ರೆ ಸುಮ್ಮನೆ ಬೇರೆ ಕಡೆ ಎತ್ತಿಡೋದು. ಆ ರೂಲುಗಳು ಕಳಿಸುವವರ ಐಪಿಯನ್ನೂ ನೋಡ್ತವೆ, ಮನೆಯ ಬ್ರಾಡ್‌ಬ್ಯಾಂಡ್ ಐಪಿಗಳು ಸ್ಪ್ಯಾಮ್‌ಹೌಸ್ ಅನ್ನೋ ಸಂಸ್ಥೆಯ ಪಿಬಿಎಲ್ ಪಟ್ಟಿಯಲ್ಲಿ ಇರೋದು ಮಾಮೂಲು. ಅದು ಕಳ್ಳರ ಪಟ್ಟಿ ಅಲ್ಲ, ಇಲ್ಲಿಂದ ನೇರ ಮೇಲ್ ಬರಬಾರದು ಅಂತ ಅಷ್ಟೇ, ಲಾಗಿನ್ ಆಗಿ ಕಳಿಸುವವರ ಮೇಲಿಗೆ ಸರ್ವರ್ ಆ ಪಟ್ಟಿ ನೋಡಲೇ ಬಾರದು. ಧಣಿಗಳು ಮನೆಯಿಂದ ಕಳಿಸಿದ್ದು ಸಿಕ್ಕಿಬಿತ್ತು. ಅವರು ಹೋಯ್ತು ಅಂತಲೇ ಇದ್ರು, ಪಾರ್ಟಿ ಬೇರೆಯವರ ಹತ್ರ ಮಾಲು ತಗೊಂಡ. ಬೈಗುಳ ಬೇಡ ಬಿಡಿ.

ಈಗ ಆರ್‌ಸ್ಪ್ಯಾಮ್‌ಡಿ ಅನ್ನೋ ಬೇರೆ ಫಿಲ್ಟರ್, ಮಿಲ್ಟರ್ ಆಗಿ ಕೂತಿದೆ, ಅಂದ್ರೆ ಪೋಸ್ಟ್‌ಫಿಕ್ಸ್ ಮೇಲು ತಗೊಳ್ಳುವಾಗಲೇ ಇದನ್ನು ಕೇಳ್ತದೆ. ಲಾಗಿನ್ ಆದವರಿಗೆ ಐಪಿ ಪಟ್ಟಿ, ಗ್ರೇಲಿಸ್ಟಿಂಗ್ (ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸು ಅನ್ನೋದು) ಎರಡೂ ಇಲ್ಲ, ಸ್ಕೋರ್ 15 ದಾಟಿದ್ರೆ ಮಾತ್ರ ಕಳಿಸುವಾಗಲೇ 554, ಅಂದ್ರೆ ತಗೊಳ್ಳೋದಿಲ್ಲ ಅಂತ ಹೇಳಿ ತಿರುಗಿಸ್ತದೆ, ಔಟ್‌ಲುಕ್ಕಲ್ಲಿ ಅಲ್ಲೇ ಎರರ್ ಕಾಣ್ತದೆ, ಫೋನ್ ನನಗೆ ಬರ್ತದೆ. ನುಂಗಿ ಸುಮ್ಮನೆ ಕೂರುವುದಕ್ಕಿಂತ ಅದೇ ವಾಸಿ. ಚಾಲಿ, ಪಟೋರ, ಕೋಕ ಅಂತ ಅಡಿಕೆಯ ಬಗೆಗಳ ರೇಟು ತುಂಬಿದ ಹಳೆ ಮೇಲುಗಳನ್ನು ಹ್ಯಾಮ್, ಅಂದ್ರೆ ಒಳ್ಳೆ ಮೇಲು ಅಂತ ಕಲಿಸಿದೆ. ಅದರಲ್ಲಿ ಕಲಿತು ಗುರುತಿಸುವ ಭಾಗ ಬೇಯ್ಸ್, ಅದಕ್ಕೆ ಸ್ಪ್ಯಾಮೂ ಹ್ಯಾಮೂ ತಲಾ 200 ಆಗದೆ ಅದು ಬಾಯೇ ಬಿಡೋದಿಲ್ಲ.

ನನ್ನ ಕೇಳಿದ್ರೆ ಸ್ಕ್ಯಾನಿಂಗಿಗಿಂತ ಮೊದಲು ಒಂದು ಅಕೌಂಟಿಗೆ ಗಂಟೆಗೆ 100 ಅಂತ ಮಿತಿ ಹಾಕಿ. ಕಳ್ಳ ಹೊಸ ಥರದ ಮೇಲು ಬರೆದ್ರೆ ಸ್ಕ್ಯಾನರಿಗೆ ಗೊತ್ತಾಗದೆ ಇರಬಹುದು, ಲೆಕ್ಕಕ್ಕೆ ಗೊತ್ತಾಗ್ತದೆ. ದೀಪಾವಳಿಗೆ 180 ಗಿರಾಕಿಗಳಿಗೆ ಒಟ್ಟಿಗೆ ಶುಭಾಶಯ ಕಳಿಸ್ಲಿಕ್ಕೆ ಹೋಗಿ ಧಣಿಗಳೇ ಇದರಲ್ಲೂ ಸಿಕ್ಕಿಬಿದ್ರು, ಈಗ ಅದಕ್ಕೆ ಬೇರೆಯೇ ಅಕೌಂಟ್ ಮಾಡಿಕೊಟ್ಟಿದ್ದೇನೆ.