ಹಳೇ ಸೈಕಲ್ ಕೊಳ್ಳೋರಿಗೆ ಒಂದಿಷ್ಟು ಸಲಹೆ

ಹಳೇ ರ‍್ಯಾಲಿ, ಹಂಬರ್, ಹರ್ಕ್ಯುಲಿಸ್ ಹುಡುಕುತ್ತಿರುವವರು ಬೆಂಗಳೂರಲ್ಲೇ ಆತುರ ಬೀಳಬೇಡಿ. ಇಲ್ಲಿ ಕೆಫೆ, ಹೋಟೆಲ್ ಅಲಂಕಾರಕ್ಕೂ ಕೊಳ್ಳುತ್ತಾರೆ, ಹಾಗಾಗಿ ಬೆಲೆ ಜಾಸ್ತಿ. ಗದಗ, ಹಾವೇರಿ ಕಡೆಯ ರಿಪೇರಿ ಅಂಗಡಿಗಳಲ್ಲೂ ಒಮ್ಮೆ ವಿಚಾರಿಸಿ. ರೈಲ್ವೆ ಪಾರ್ಸಲ್‌ನಲ್ಲಿ ತರಿಸಬಹುದು, ಆ ಖರ್ಚನ್ನೂ ಸೇರಿಸಿಯೇ ಚೌಕಾಸಿ ಮಾಡಿ.

ಹೊಸದಾಗಿ ಬಣ್ಣ ಹೊಡೆದ ಗಾಡಿ ಅಂದರೆ ಇನ್ನೂ ಹುಷಾರು. ಮುರಿದು ವೆಲ್ಡಿಂಗ್ ಮಾಡಿದ್ದನ್ನು ಬಣ್ಣ ಮುಚ್ಚಿರಬಹುದು. ಪೈಪುಗಳು ಕೂಡುವ ಜಾಗದಲ್ಲಿ, ಅದರಲ್ಲೂ ಹ್ಯಾಂಡಲ್ ಕೆಳಗೆ, ಉಗುರು ಎಳೆದು ನೋಡಿ. ಬಿರುಕಿದ್ದರೆ ತಡೆಯುತ್ತದೆ. ಸೀಟಿನ ಕಂಬಿ ಮೇಲೆ ಕೆಳಗೆ ಸರಿಯುತ್ತದಾ ನೋಡಿ, ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಬಿಡಿಸುವುದು ದೊಡ್ಡ ತಲೆನೋವು. ಹಿಂದಿನ ಚಕ್ರಕ್ಕೆ ಸ್ಟರ್ಮಿ ಆರ್ಚರ್ ಕಂಪನಿಯ ಗೇರ್ ಹಬ್ (ಒಳಗೇ ಗೇರ್ ಇರುವ ಚಕ್ರದ ನಡುಭಾಗ) ಇದ್ದರೆ ಎಣ್ಣೆ ಬಟ್ಟೆಯಲ್ಲಿ ಒರೆಸಿ. ಸಾಮಾನ್ಯವಾಗಿ ತಯಾರಾದ ವರ್ಷ ಅದರ ಮೇಲೇ ಒತ್ತಿರುತ್ತದೆ, 58 ಅಂದರೆ 1958. ಚಕ್ರ ಬದಲಾಗಿರಲೂಬಹುದು, ಅಷ್ಟು ನೆನಪಿರಲಿ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದ ಹಳೇ ರ‍್ಯಾಲಿ ಆದರೆ ಪೆಡಲ್ ಅಚ್ಚನ್ನು ಫ್ರೇಮಿನಲ್ಲಿ ಹಿಡಿದಿಡುವ ಬಟ್ಟಲಿನಂಥ ಭಾಗಕ್ಕೆ (ಕಪ್) ಇಂಚಿಗೆ 26 ಥ್ರೆಡ್, ಅಂದರೆ ತಿರುಪಿನ ಸುತ್ತು. ಮಾಮೂಲಿ ಕಪ್ 24ರದ್ದು, ಅದು ಕೂರುವುದಿಲ್ಲ. ಟೈರು, ಕಾಟರ್ ಪಿನ್ (ಪೆಡಲ್ ತೋಳನ್ನು ಅಚ್ಚಿಗೆ ಬಿಗಿಯುವ ಪಿನ್), ಬ್ರೇಕ್ ರಾಡಿಗೆ ಮಾತ್ರ ಚಿಂತೆ ಬೇಡ. 28 ಇಂಚಿನ ಮಾಮೂಲಿ ಸೈಕಲ್ ಸಾಮಾನು ಸಣ್ಣ ಊರಲ್ಲೂ ಸಿಗುತ್ತದೆ.

ಜಾಸ್ತಿ ಗೇರು ಬೇಕು, ದಿನಾ ದೂರ ಓಡಿಸಬೇಕು ಅನ್ನುವವರಿಗೆ ಹೊಸ ಫ್ರೇಮೇ ಸರಿ ಅಂತ ನನ್ನ ಅಭಿಪ್ರಾಯ. ಆದರೆ ಬರೀ ಫ್ರೇಮಿನ ಬೆಲೆ ನೋಡಿ ಹೊರಡಬೇಡಿ. ಚಕ್ರ, ಬ್ರೇಕು, ಕ್ರ್ಯಾಂಕು (ಪೆಡಲ್ ತೋಳು) ಎಲ್ಲ ಬೇರೆ ಕೊಳ್ಳಬೇಕು. ಹಳೇ ಗಾಡಿಯ ಹಿಂದಿನ ಚಕ್ರ ಹಾಕಿದರಾಯ್ತು ಅಂದುಕೊಳ್ಳಬೇಡಿ, ಅದರ ಹಬ್ಬಿನ ಅಗಲವೇ ಬೇರೆ.